ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಅಡುಗೆಮನೆಯ ಸುಟ್ಟಗಾಯ, ಸ್ಕ್ಯಾನ್‌ನಲ್ಲಿ ಸಿಕ್ಕ ಸಿಸ್ಟ್

ಬಂದ ಮೊದಲ ವಾರ ಬ್ಯಾಂಕು, ಸಿಮ್ಮು, ಬಾಡಿಗೆ ಮನೆ ಅಂತ ಓಡಾಟ ಇದ್ದೇ ಇರುತ್ತದೆ. ಅದರ ನಡುವೆ ಮನೆ ಹತ್ತಿರದ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೆಸರು ಬರೆಸುವುದನ್ನು ಮುಂದಕ್ಕೆ ಹಾಕಬೇಡಿ. ವಿಳಾಸದ ಪುರಾವೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅವರು ನಿಮ್ಮನ್ನು ವಾಪಸ್ ಕಳಿಸುವ ಹಾಗಿಲ್ಲ. ಜಿಪಿ ಕ್ಲಿನಿಕ್ಕಿಗೆ ಇಲ್ಲಿ ಸರ್ಜರಿ ಅನ್ನುತ್ತಾರೆ, ಆ ಹೆಸರು ಕೇಳಿ ಗಾಬರಿ ಬೇಡ.

ನಾನು ಬಂದ ಮೊದಲ ಚಳಿಗಾಲದಲ್ಲಿ ಒಗ್ಗರಣೆ ಸೌಟು ಜಾರಿ ಕಾದ ಎಣ್ಣೆ ಎಡಗೈ ಮೇಲೆ ಬಿತ್ತು. ಒಂದು ನಿಮಿಷ ನಲ್ಲಿ ಕೆಳಗೆ ಹಿಡಿದೆ, ಆಮೇಲೆ ಊರಲ್ಲಿ ಮಾಡುತ್ತಿದ್ದ ಹಾಗೆ ದೋಸೆ ಹಿಟ್ಟು ಬಳಿದುಕೊಂಡೆ. ಆಸ್ಪತ್ರೆಯಲ್ಲಿ ನರ್ಸ್ ಆ ಹಿಟ್ಟನ್ನೆಲ್ಲ ತೊಳೆದು ತೆಗೆಯುವಾಗ ಆದ ನೋವು ಸುಟ್ಟಾಗಲೂ ಆಗಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಹಿಟ್ಟು, ಅರಿಶಿನ, ಟೂತ್‌ಪೇಸ್ಟ್, ಬೆಣ್ಣೆ, ಐಸ್ ಯಾವುದೂ ಬೇಡ. ತಣ್ಣಗೆ ಹರಿಯುವ ನಲ್ಲಿ ನೀರು, 20 ನಿಮಿಷ, ಗಡಿಯಾರ ನೋಡಿಕೊಂಡು. ಬಿಸಿ ಚರ್ಮದ ಒಳಗೆ ಇಳಿದು ಸುಡುತ್ತಲೇ ಇರುತ್ತದೆ, ಅದನ್ನು ನಿಲ್ಲಿಸುವುದು ನೀರೇ. ತಡವಾಗಿ ನೆನಪಾದರೂ ಸುಟ್ಟು 3 ಗಂಟೆಯೊಳಗಾದರೆ ಇನ್ನೂ ಉಪಯೋಗ ಇದೆ. ಬಳೆ, ಉಂಗುರ, ವಾಚ್ ತಕ್ಷಣ ತೆಗೆಯಿರಿ, ಆಮೇಲೆ ಊದಿಕೊಂಡರೆ ಬರುವುದಿಲ್ಲ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬೇಡಿ. ಮಕ್ಕಳಿಗಾದರೆ ಸುಟ್ಟ ಜಾಗಕ್ಕಷ್ಟೇ ನೀರು, ಉಳಿದ ಮೈಗೆ ಕಂಬಳಿ ಹೊದಿಸಿ, ಈ ಚಳಿಯಲ್ಲಿ ಮೈ ಬೇಗ ತಣ್ಣಗಾಗಿಬಿಡುತ್ತದೆ.

ನೀರು ಹಿಡಿದಾದ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಇರುತ್ತದಲ್ಲ, ಅದನ್ನು ಗಾಯದ ಮೇಲೆ ಸುಮ್ನೆ ಹಾಸಿ, ಸುತ್ತಿ ಬಿಗಿಯಬೇಡಿ. ನೋವಿಗೆ ಪ್ಯಾರಾಸಿಟಮಾಲ್. ಗುಳ್ಳೆ ಒಡೆಯಬೇಡಿ. ಗಾಯ ಸುಟ್ಟುಕೊಂಡವರ ಅಂಗೈಗಿಂತ ದೊಡ್ಡದಿದ್ದರೆ, ಚರ್ಮ ಬೆಳ್ಳಗೆ ಅಥವಾ ಕರಕಲಾಗಿದ್ದರೆ, ಮುಖ, ಕೈ, ಕಾಲು, ಕೀಲು, ಗುಪ್ತಾಂಗದಲ್ಲಿ ಗುಳ್ಳೆ ಎದ್ದಿದ್ದರೆ, ಕರೆಂಟ್ ಅಥವಾ ಕೆಮಿಕಲ್‌ನಿಂದ ಸುಟ್ಟಿದ್ದರೆ ನೇರ ಎ ಅಂಡ್ ಇ ಗೆ, ಅಂದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಏನು ಮಾಡಬೇಕು ಎಂದು ಗೊತ್ತಾಗದಿದ್ದರೆ ಆರೋಗ್ಯ ಸಲಹೆಗೆ 111, ಪ್ರಾಣಾಪಾಯ ಅನ್ನಿಸಿದರೆ ಆಂಬುಲೆನ್ಸ್‌ಗೆ 999, ಫೋನ್ ಮಾಡಿ.

ಸಿಸ್ಟ್, ಅಂದರೆ ದೇಹದ ಒಳಗೆ ಬೆಳೆಯುವ ಚೀಲದಂಥದ್ದು, ಅದರ ವಿಷಯ ಪೂರ್ತಿ ಬೇರೆ, ಅಲ್ಲಿ ಅವಸರವೇ ತೊಂದರೆ. ಪಿತ್ತಕೋಶದಲ್ಲಿ ಕಲ್ಲಿದೆಯಾ ನೋಡಲು ನನಗೆ ಸ್ಕ್ಯಾನ್ ಮಾಡಿದಾಗ ಕಿಡ್ನಿಯಲ್ಲಿ ಒಂದು ಸಿಸ್ಟ್ ಕಂಡಿತು. ಡಾಕ್ಟರ್ ಫೋನ್ ಮಾಡುವ ಮೊದಲೇ ರಿಪೋರ್ಟ್ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆ್ಯಪ್‌ನಲ್ಲಿ ಬಂದಿತ್ತು. ಶುಕ್ರವಾರ ರಾತ್ರಿ. ಎರಡು ದಿನ ನಿದ್ದೆ ಇಲ್ಲ, ಊರಿನ ನೆಂಟರೆಲ್ಲ ವಾಪಸ್ ಬಾ, ಇಲ್ಲಿ ಆಪರೇಷನ್ ಮಾಡಿಸೋಣ ಅಂದರು. ಸೋಮವಾರ ಡಾಕ್ಟರ್ ಹೇಳಿದ್ದು ಇಷ್ಟೇ: ಇದು ಸಿಂಪಲ್ ಸಿಸ್ಟ್, ನೀರು ತುಂಬಿದ ತೆಳು ಚೀಲ, ವಯಸ್ಸಾದಂತೆ ಬಹಳ ಜನರಿಗೆ ಬರುತ್ತದೆ, ಏನೂ ಮಾಡಬೇಕಿಲ್ಲ. ಅವರು ಕೈ ಬಿಟ್ಟರು ಅಂತ ಆಗ ನನಗೆ ಅನ್ನಿಸಿತ್ತು. ಅದು ತಪ್ಪು. ನೋಡಿ, ತೂಗಿ, ಬೇಡ ಅಂದಿದ್ದರು.

ರಿಪೋರ್ಟಿನಲ್ಲಿ 'ಸಿಂಪಲ್' ಅನ್ನುವ ಪದ ಇದೆಯಾ ನೋಡಿ. ಒಳಗೆ ಗೋಡೆ, ಗಟ್ಟಿ ಭಾಗ ಇದೆ ಎಂದು ಬರೆದಿದ್ದರೆ ಮತ್ತೆ ಸ್ಕ್ಯಾನ್ ಬೇಕಾಗಬಹುದು, ಯಾವಾಗ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಇನ್ನೂ ಮುಟ್ಟಾಗುತ್ತಿರುವ ಹೆಂಗಸರಲ್ಲಿ ಅಂಡಾಶಯದ ಸಣ್ಣ ಸಿಂಪಲ್ ಸಿಸ್ಟ್‌ಗಳು ಜಾಸ್ತಿ ಸಲ ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತವೆ. ಆದರೆ ಹೊಟ್ಟೆಯ ಕೆಳಗೆ ಇದ್ದಕ್ಕಿದ್ದಂತೆ ಜೋರು ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು, ಬೆಳಗಾಗಲಿ ಎಂದು ಕಾಯಬೇಡಿ. ಮೂತ್ರದಲ್ಲಿ ರಕ್ತ ಕಂಡರೂ ಅಷ್ಟೇ, ಸಿಸ್ಟ್ ಇದೆಯಲ್ಲ ಅಂತ ಸುಮ್ಮನಿರದೆ ಜಿಪಿಗೆ ಹೇಳಿ.

ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬರುತ್ತಿದ್ದರೆ ಇನ್ಶೂರೆನ್ಸ್ ಮಾಡಿಸಲೇಬೇಕು. ಎ ಅಂಡ್ ಇ ಯಲ್ಲಿ ನೋಡುವುದು ಉಚಿತ, ಆದರೆ ವಾರ್ಡಿಗೆ ಸೇರಿಸಿಕೊಂಡರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಹಳೆಯ ಸ್ಕ್ಯಾನ್ ರಿಪೋರ್ಟು, ಸಿಡಿ ತರಲು ಹೇಳಿ: ಐದು ವರ್ಷದ ಹಿಂದೆಯೂ ಸಿಸ್ಟ್ ಅಷ್ಟೇ ಇತ್ತು ಅಂತ ತೋರಿಸಿದರೆ ಇಲ್ಲಿನ ಡಾಕ್ಟರಿಗೂ ಧೈರ್ಯ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಕಷ್ಟ ಆದರೆ ನೀವೇ ನಡುವೆ ನಿಂತು ಅನುವಾದ ಮಾಡಬೇಡಿ, ಎಷ್ಟೋ ವಿಷಯ ಅಮ್ಮಂದಿರು ಮಕ್ಕಳ ಎದುರು ಹೇಳುವುದಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ಇಂಟರ್‌ಪ್ರಿಟರ್ ಬೇಕು ಅನ್ನಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.