ತೀರಿಕೊಂಡವರ ಏರ್‌ಲೈನ್ ಮೈಲ್ಸ್ ನಿಮ್ಮ ಖಾತೆಗೆ ಬರಬೇಕಾದರೆ

ಮಕ್ಕಳನ್ನು ನೋಡಲು ನಾಲ್ಕೈದು ಸಲ ಅಮೆರಿಕಕ್ಕೆ ಹೋಗಿಬಂದ ಹಿರಿಯರ ಹೆಸರಿನಲ್ಲಿ ಒಂದಷ್ಟು ಮೈಲ್ಸ್, ಅಂದರೆ ಪ್ರಯಾಣ ಮಾಡಿದ್ದಕ್ಕೆ ಏರ್‌ಲೈನ್ ಕೊಡುವ, ಮುಂದೆ ಟಿಕೆಟ್ ತೆಗೆಯಲು ಬಳಸಬಹುದಾದ ಪಾಯಿಂಟ್‌ಗಳು, ಉಳಿದೇ ಇರುತ್ತವೆ. ಅವರ ನಂತರ ಬ್ಯಾಂಕ್ ಠೇವಣಿಯ ಹಾಗೆ ಅವೂ ವಾರಸುದಾರರಿಗೆ ಬರುತ್ತವೆ ಎಂದುಕೊಳ್ಳಬೇಡಿ. ಏರ್‌ಲೈನ್‌ಗಳ ಲೆಕ್ಕದಲ್ಲಿ ಮೈಲ್ಸ್ ಸದಸ್ಯರ ಆಸ್ತಿಯೇ ಅಲ್ಲ. ಯುನೈಟೆಡ್ ಏರ್‌ಲೈನ್ಸ್, ದಾಖಲೆ ಸರಿಯಿದ್ದರೆ ತನ್ನ ವಿವೇಚನೆಯಂತೆ ವರ್ಗಾಯಿಸಬಹುದು ಎನ್ನುತ್ತದೆ. ಅಮೆರಿಕನ್ ಏರ್‌ಲೈನ್ಸ್ ವಿಲ್‌ನಲ್ಲಿ ಹೆಸರಿರುವವರಿಗೆ ಕೊಡಬಹುದು ಎನ್ನುತ್ತದೆ. ಎರಡೂ ಕಡೆ ‘ಬಹುದು’ ಅಷ್ಟೇ. ಹಕ್ಕು ಎಂದು ಜಗಳ ತೆಗೆದರೆ ಸೋಲುತ್ತೀರಿ, ವಿನಂತಿ ಎಂದೇ ಬರೆಯಿರಿ.

ಮೊದಲು ಸದಸ್ಯತ್ವ ಸಂಖ್ಯೆ ಹುಡುಕಿ. ಹಳೆಯ ಬೋರ್ಡಿಂಗ್ ಪಾಸ್‌ನಲ್ಲಿ, ಟಿಕೆಟ್ ಮೇಲ್‌ನಲ್ಲಿ ಅದು ಇರುತ್ತದೆ. ಬಾಕಿ ಎಷ್ಟಿದೆ ಎಂದು ತಿಳಿಯಲು ಮೇಲ್‌ಗೆ ಬಂದ ಕೊನೆಯ ಸ್ಟೇಟ್‌ಮೆಂಟ್ ಸಾಕು. ನಂತರ ಆ ಏರ್‌ಲೈನ್‌ನ ನಿಯಮಾವಳಿ ತೆರೆದು ಮರಣದ ಬಗ್ಗೆ ಏನಿದೆ ಎಂದು ಓದಿ. ಆಗುವುದೇ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳುವ ಕಂಪನಿಗಳೂ ಇವೆ. ಫೋನ್ ಮಾಡುವುದು ಇದೆಲ್ಲ ಆದ ಮೇಲೆ. ಅವಸರ ಎಷ್ಟು ಎಂಬುದು ಏರ್‌ಲೈನ್ ಮೇಲಿದೆ: ಯುನೈಟೆಡ್, ಡೆಲ್ಟಾ ಮೈಲ್ಸ್‌ಗೆ ಅವಧಿ ಇಲ್ಲ, ಅಮೆರಿಕನ್‌ನಲ್ಲಿ 24 ತಿಂಗಳು ಖಾತೆಯಲ್ಲಿ ಚಟುವಟಿಕೆ ಇಲ್ಲದಿದ್ದರೆ ಹೋಗುತ್ತವೆ.

ಪಾಸ್‌ವರ್ಡ್ ಗೊತ್ತಿದೆಯಲ್ಲ, ಒಂದು ಟಿಕೆಟ್ ತೆಗೆದುಬಿಡೋಣ ಎಂದು ಎಷ್ಟೋ ಮನೆಗಳಲ್ಲಿ ಅನ್ನಿಸುತ್ತದೆ. ಬೇಡ. ಅದು ನಿಯಮಕ್ಕೆ ವಿರುದ್ಧ. ಏರ್‌ಲೈನ್‌ನವರು ಖಾತೆ ಮುಚ್ಚಿ ಟಿಕೆಟ್ ರದ್ದು ಮಾಡಿದರೆ ನೀವು ಕೇಳುವಂತಿಲ್ಲ.

ಅರ್ಜಿ ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ನಮ್ಮ ಕಡೆಯ ಇನಿಷಿಯಲ್ ಪದ್ಧತಿಯೇ ಇದಕ್ಕೆ ಕಾರಣ. ಪಾಸ್‌ಪೋರ್ಟ್‌ನಲ್ಲಿ ‘ಹೊಸಹಳ್ಳಿ ಶಿವರಾಮಯ್ಯ ರಾಜಣ್ಣ’, ಮರಣ ಪ್ರಮಾಣಪತ್ರದಲ್ಲಿ ‘ಎಚ್.ಎಸ್. ರಾಜಣ್ಣ’, ಮೈಲ್ಸ್ ಖಾತೆಯಲ್ಲಿ ‘ರಾಜಣ್ಣ ಹೊಸಹಳ್ಳಿ’ ಎಂದಿದ್ದರೆ, ಅಮೆರಿಕದಲ್ಲಿ ಕೂತು ಅರ್ಜಿ ನೋಡುವವರ ಕಣ್ಣಿಗೆ ಇವರು ಮೂವರು ಬೇರೆ ಬೇರೆ ಜನ. ಸಾವು ಕರ್ನಾಟಕದಲ್ಲಿ ಆಗಿದ್ದರೆ ನೋಂದಣಿಗೆ 21 ದಿನ ಇರುತ್ತದೆ. ಆಸ್ಪತ್ರೆಯವರು ಫಾರಂ ತುಂಬುವಾಗಲೇ ಪಾಸ್‌ಪೋರ್ಟ್ ಪ್ರತಿ ಕೊಟ್ಟು ಅದರಲ್ಲಿರುವಂತೆಯೇ ಬರೆಸಿ. ಆ ಸಮಯ ದಾಟಿದ್ದರೆ, ಈ ಹೆಸರುಗಳೆಲ್ಲ ಒಬ್ಬರದೇ ಎಂದು ನೋಟರಿ ಮುಂದೆ ಇಂಗ್ಲಿಷ್‌ನಲ್ಲಿ ಅಫಿಡವಿಟ್ ಮಾಡಿಸಿ, ಪಾಸ್‌ಪೋರ್ಟ್ ಸಂಖ್ಯೆಯನ್ನೂ ಅದರಲ್ಲಿ ಸೇರಿಸಿ. ಭಾರತದ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆ, ತಾಯಿ, ಗಂಡ ಅಥವಾ ಹೆಂಡತಿಯ ಹೆಸರು ಇರುತ್ತದೆ. ಸಂಬಂಧ ತೋರಿಸಲು ಅದರಷ್ಟು ಸುಲಭದ ದಾಖಲೆ ಇಲ್ಲ, ಮೊದಲ ಪುಟವನ್ನಷ್ಟೇ ಸ್ಕ್ಯಾನ್ ಮಾಡಿ ಸುಮ್ಮನಾಗಬೇಡಿ.

ಮರಣ ಪ್ರಮಾಣಪತ್ರ ನಮ್ಮಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುವುದರಿಂದ ಅನುವಾದದ ಖರ್ಚಿಲ್ಲ. ಇದರ ಜೊತೆಗೆ ಅರ್ಜಿದಾರರ ಗುರುತಿನ ಚೀಟಿ, ವಿಲ್ ಇದ್ದರೆ ಅದರ ಪ್ರತಿ, ಇಲ್ಲದಿದ್ದರೆ ನಾಡಕಚೇರಿಯ ವಂಶವೃಕ್ಷ ಇಡಿ. ಒಡಹುಟ್ಟಿದವರಿದ್ದರೆ ಪ್ರತಿಯೊಬ್ಬರಿಂದ ‘ಆಕ್ಷೇಪಣೆ ಇಲ್ಲ’ ಎಂಬ ಸಹಿ ಪತ್ರವನ್ನೂ ಪಡೆದು ಇಡಿ. ತೀರಿಕೊಂಡವರು ಅಮೆರಿಕದಲ್ಲೇ ನೆಲೆಸಿದ್ದವರಾದರೆ ಎಕ್ಸಿಕ್ಯೂಟರ್‌ಗೆ (ವಿಲ್ ಜಾರಿ ಮಾಡುವವರಿಗೆ) ಅಲ್ಲಿನ ಕೋರ್ಟ್ ಕೊಡುವ ಅಧಿಕಾರಪತ್ರ ಕೇಳಬಹುದು.

ಪಡೆಯುವವರ ಹೆಸರಿನಲ್ಲೂ ಅದೇ ಏರ್‌ಲೈನ್‌ನ ಖಾತೆ ಇರಬೇಕು. ಇಲ್ಲದಿದ್ದರೆ ಮೊದಲೇ ತೆರೆಯಿರಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಫೋನ್‌ನಲ್ಲಿ ಮಾತಾಡಿದಾಗ ಕೇಸ್ ನಂಬರ್ ಬರೆದುಕೊಂಡು, ಮುಂದಿನ ಪ್ರತಿ ಮೇಲ್‌ನಲ್ಲೂ ಅದನ್ನು ಹಾಕಿ. ವೆಬ್‌ಸೈಟ್‌ನಲ್ಲಿರುವ ‘ಟ್ರಾನ್ಸ್‌ಫರ್ ಮೈಲ್ಸ್’ ಬಟನ್ ಒತ್ತಬೇಡಿ. ಅದು ಬದುಕಿರುವ ಸದಸ್ಯರು ಹಣ ಕೊಟ್ಟು ಕಳಿಸುವ ದಾರಿ. ಮರಣದ ವರ್ಗಾವಣೆಗೂ ಶುಲ್ಕ ಇರಬಹುದು. ಹತ್ತು ಸಾವಿರ ಮೈಲ್ಸ್‌ಗಾಗಿ ಇಷ್ಟು ಓಡಾಡಬೇಕೇ ಎಂದು ಮೊದಲೇ ಲೆಕ್ಕ ಹಾಕಿ.

ಬಳಸದ ಟಿಕೆಟ್ ಉಳಿದಿದ್ದರೆ ಅದು ಬೇರೆ ಅರ್ಜಿ, ರೀಫಂಡ್ ವಿಭಾಗಕ್ಕೆ. ಕ್ರೆಡಿಟ್ ಕಾರ್ಡ್ ಪಾಯಿಂಟ್‌ಗಳದ್ದೂ ಬೇರೆಯೇ ದಾರಿ, ಕಾರ್ಡ್ ಮುಚ್ಚಿಸುವ ಮೊದಲು ಬ್ಯಾಂಕನ್ನು ಕೇಳಿ.

ಹಿರಿಯರು ಇನ್ನೂ ಇದ್ದರೆ, ವಿಲ್‌ನಲ್ಲಿ ಏರ್‌ಲೈನ್, ಸದಸ್ಯತ್ವ ಸಂಖ್ಯೆ, ಪಡೆಯುವವರ ಹೆಸರು ಇರುವ ಒಂದು ಸಾಲು ಸೇರಿಸಿ. ಯುನೈಟೆಡ್‌ನಲ್ಲಿ 2024ರಿಂದ ಐವರು ಸೇರಿ ಮೈಲ್ಸ್ ಒಟ್ಟುಗೂಡಿಸಬಹುದು. ಆದರೆ ಹಾಗೆ ಕೂಡಿಸಿದ್ದು ಯುನೈಟೆಡ್‌ನ ವಿಮಾನಗಳಿಗಷ್ಟೇ ಸಲ್ಲುತ್ತದೆ. ಬೆಂಗಳೂರಿಗೆ ಲುಫ್ತಾನ್ಸಾ, ಏರ್ ಇಂಡಿಯಾ ಟಿಕೆಟ್ ತೆಗೆಯಲು ಬರುವುದಿಲ್ಲ.