ಮೀನಿಗೆ ಎಷ್ಟಾದರೆ ವಿಷ? 96 ಗಂಟೆಯ ಪರೀಕ್ಷೆ ಮಾಡುವ ಬಗೆ

ಮುಂಗಾರು ಹಿಡಿಯುವ ಮುಂಚೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆ ಔಷಧಿ ಹೊಡೆಯುವ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕೆ.ಜಿ. ಸುಣ್ಣ, ಶೇ 1ರ ಬೋರ್ಡೋ ದ್ರಾವಣ ಎಂದರೆ ಅದೇ. ಡ್ರಮ್ಮು ತೊಳೆದ ನೀರು ಬಸಿಗಾಲುವೆಗೆ ಇಳಿಯುತ್ತದೆ, ಬಸಿಗಾಲುವೆ ಹಳ್ಳ ಸೇರುತ್ತದೆ. ಹಳ್ಳದ ಮೀನಿಗೆ ಏನಾಗುತ್ತದೆ ಎಂದು ಕೇಳಿ ನೋಡಿ. ‘ಏನೂ ಆಗಲ್ಲ, ಅಜ್ಜನ ಕಾಲದಿಂದ ಹೊಡೀತಾ ಇದೀವಿ’ ಎನ್ನುವವರಿದ್ದಾರೆ. ‘ಒಂದೂ ಉಳಿಯಲ್ಲ’ ಎನ್ನುವವರೂ ಇದ್ದಾರೆ. ಎಷ್ಟು ತಾಮ್ರ, ಎಂಥ ನೀರು, ಎಷ್ಟು ಹೊತ್ತು ಎಂಬ ಮೂರನ್ನೂ ಹೇಳದೆ ಈ ಎರಡು ಮಾತಿನಲ್ಲಿ ಯಾವುದಕ್ಕೂ ಅರ್ಥವಿಲ್ಲ.

ಈ ಮೂರನ್ನೂ ಹಿಡಿದು ಉತ್ತರ ಕೊಡುವ ಪರೀಕ್ಷೆಯೊಂದಿದೆ. ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿಗಾಗಿ ಹಲವು ದೇಶಗಳು ಸೇರಿದ ಸಂಘಟನೆ) 1981ರಲ್ಲಿ ತನ್ನ 203ನೇ ಮಾರ್ಗಸೂಚಿಯಾಗಿ ಅದನ್ನು ಪ್ರಕಟಿಸಿತು; 1992ರಲ್ಲಿ, ಮತ್ತೆ 2019ರಲ್ಲಿ ತಿದ್ದಿತು. ನಮ್ಮಲ್ಲಿ ಕಾರ್ಖಾನೆಗಳ ತ್ಯಾಜ್ಯ ನೀರಿಗೆ ಭಾರತೀಯ ಮಾನಕ 6582 ಇದೆ. ಸಂಸ್ಕರಿಸಿದ ತ್ಯಾಜ್ಯ ನೀರಿನಲ್ಲಿ, ಒಂದು ಹನಿ ಬೇರೆ ನೀರು ಬೆರೆಸದೆ ಬಿಟ್ಟರೂ, 96 ಗಂಟೆಗಳ ನಂತರ ಶೇ 90ರಷ್ಟು ಮೀನು ಬದುಕಿರಬೇಕು ಎಂದು ಪರಿಸರ ಸಂರಕ್ಷಣಾ ನಿಯಮಗಳು ಹೇಳುತ್ತವೆ. ಒಂದೇ ರಾಸಾಯನಿಕವನ್ನು ಪರೀಕ್ಷಿಸುವಾಗ ಹುಡುಕುವುದು ಬೇರೆ ಅಂಕಿಯನ್ನು: ನಾಲ್ಕು ದಿನದೊಳಗೆ ಅರ್ಧದಷ್ಟು ಮೀನನ್ನು ಕೊಲ್ಲುವ ಪ್ರಮಾಣ. ಅದಕ್ಕೆ ಎಲ್‌ಸಿ50 ಎಂದು ಹೆಸರು.

ಇದು ಮನೆಯ ಬಕೆಟ್ಟಿನಲ್ಲಿ, ವಿಜ್ಞಾನ ಮೇಳದ ಮೇಜಿನ ಮೇಲೆ ಮಾಡುವ ಕೆಲಸವಲ್ಲ. ಮೀನು ಬೆನ್ನೆಲುಬಿರುವ ಪ್ರಾಣಿ, ಅದಕ್ಕೆ ನೋವಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಚೌಕಟ್ಟಿನಲ್ಲಿ, ನೋಂದಾಯಿತ ಸಂಸ್ಥೆಯಲ್ಲಿ, ಅಲ್ಲಿನ ಪ್ರಾಣಿ ನೈತಿಕ ಸಮಿತಿ ಒಪ್ಪಿದ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. ಸಮಿತಿ ಕೇಳುವುದಕ್ಕೆ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಮಾತೊಂದಿದೆ: ಈ ಅಂಕಿ ಆಗಲೇ ಯಾರಾದರೂ ಕಂಡುಕೊಂಡಿದ್ದಾರೆಯೇ? ತಾಮ್ರದ ಮಟ್ಟಿಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ. ಅದನ್ನೇ ಇನ್ನೊಮ್ಮೆ ಮಾಡಲು ಮೀನು ಕೊಲ್ಲುವುದು ತಪ್ಪು. ನಮ್ಮ ಹಳ್ಳದ ನೀರಿನಲ್ಲಿ ತಾಮ್ರ ಹೇಗೆ ವರ್ತಿಸುತ್ತದೆ ಎಂಬಂಥ ಹೊಸ ಪ್ರಶ್ನೆಯಿದ್ದರೆ ಮಾತ್ರ ಮುಂದುವರಿಯಿರಿ.

ಮೊದಲು ನೀರು

ಹೊಸಬರು ರಾಸಾಯನಿಕದ ಬಾಟಲಿಯಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ನೀರಿನಿಂದ. ನನ್ನ ಅನುಭವದಲ್ಲಿ ಕೆಟ್ಟುಹೋದ ಪರೀಕ್ಷೆಗಳಲ್ಲಿ ಹೆಚ್ಚಿನವು ಕೆಟ್ಟದ್ದು ನೀರಿನಿಂದಲೇ.

ನಲ್ಲಿ ನೀರಿನ ಕ್ಲೋರಿನ್ ಮೀನನ್ನು ಕೊಲ್ಲುತ್ತದೆ. ಆದ್ದರಿಂದ ನೀರನ್ನು ಇದ್ದಿಲಿನ ಫಿಲ್ಟರ್ ಮೂಲಕ ಹಾಯಿಸಿ, ಗಾಳಿ ಊದಿ, ಕ್ಲೋರಿನ್ ಉಳಿದಿಲ್ಲವೆಂದು ಪರೀಕ್ಷಿಸಿಯೇ ಬಳಸಬೇಕು. ಪಿಎಚ್ 6ರಿಂದ 8.5ರ ಒಳಗಿರಲಿ. ನೀರಿನಲ್ಲಿ ಕರಗಿದ ಆಮ್ಲಜನಕ, ಆ ಉಷ್ಣಾಂಶದಲ್ಲಿ ನೀರು ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠ ಮಟ್ಟದ ಶೇ 60ಕ್ಕಿಂತ ಪರೀಕ್ಷೆ ಮುಗಿಯುವವರೆಗೂ ಕೆಳಗಿಳಿಯಬಾರದು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು. ಕೊಳಚೆ ಸೇರಿದ ಕೆರೆಯಲ್ಲಿ ಆಮ್ಲಜನಕ ಕುಸಿದರೂ ಮೀನು ಸಾಯುತ್ತದೆ, ವಿಷ ಬಿದ್ದರೂ ಸಾಯುತ್ತದೆ. ಸತ್ತ ಮೀನನ್ನು ನೋಡಿ ಯಾವುದರಿಂದ ಸತ್ತಿತು ಎಂದು ಹೇಳುವುದು ಕಷ್ಟ. ತೊಟ್ಟಿಯೊಳಗೆ ಈ ಗೊಂದಲಕ್ಕೆ ಎಡೆ ಕೊಡಬಾರದು.

ತಾಮ್ರದ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ತಾಮ್ರ ಮೀನಿನ ಕಿವಿರಿಗೆ ಅಂಟಿಕೊಂಡು, ನೀರಿನಿಂದ ಸೋಡಿಯಂ ಹೀರಿಕೊಳ್ಳುವ ದಾರಿಯನ್ನು ಮುಚ್ಚುತ್ತದೆ. ಮೈಯ ಉಪ್ಪು ಸೋರುತ್ತಾ ಹೋಗುತ್ತದೆ, ತುಂಬಿಕೊಳ್ಳಲು ಆಗುವುದಿಲ್ಲ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕೂಡ ಕಿವಿರಿನಲ್ಲಿ ಅದೇ ಜಾಗಕ್ಕೆ ಪೈಪೋಟಿ ನಡೆಸುವುದರಿಂದ ತಾಮ್ರಕ್ಕೆ ಅಷ್ಟು ಸುಲಭವಾಗಿ ನೆಲೆ ಸಿಗುವುದಿಲ್ಲ. ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತಡೆದುಕೊಳ್ಳುವ ಮೀನು, ಮಲೆನಾಡಿನ ಹಳ್ಳದ ಮೆದು ನೀರಿನಲ್ಲಿ ಅಷ್ಟೇ ತಾಮ್ರಕ್ಕೆ ಸಾಯಬಹುದು. ಇನ್ನೊಂದು ಕಡೆ, ಕೊಳೆತ ಎಲೆಗಳಿಂದ ನೀರಿಗೆ ಇಳಿಯುವ ಕಂದು ಸಾವಯವ ವಸ್ತು ತಾಮ್ರವನ್ನು ಹಿಡಿದಿಟ್ಟು ವಿಷವನ್ನು ತಗ್ಗಿಸುತ್ತದೆ. ಅಮೆರಿಕದ ಪರಿಸರ ಸಂಸ್ಥೆ 2007ರಲ್ಲಿ ತಾಮ್ರಕ್ಕೆ ಗಡಸುತನವೊಂದನ್ನೇ ನಂಬುವುದನ್ನು ಬಿಟ್ಟು, ಪಿಎಚ್, ಸಾವಯವ ಇಂಗಾಲ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿಗೆ ಬದಲಾಗಿದ್ದು ಇದಕ್ಕೇ. ಹಾಗಾಗಿ ಇಡಿಟಿಎ ಟೈಟ್ರೇಶನ್ ಮಾಡಿ ಗಡಸುತನ ಅಳೆದು ಬರೆದಿಡಿ. ಅದಿಲ್ಲದ ವರದಿಯಲ್ಲಿ ತಾಮ್ರದ ಎಲ್‌ಸಿ50 ಕಂಡರೆ ನಾನು ಅದನ್ನು ಪಕ್ಕಕ್ಕಿಡುತ್ತೇನೆ.

ಮೀನು

ಜೀಬ್ರಾ ಮೀನು ಅನುಕೂಲ. ಚಿಕ್ಕದು, 21ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೆಮ್ಮದಿಯಾಗಿರುತ್ತದೆ, ಹೋಲಿಸಿ ನೋಡಲು ಜಗತ್ತಿನ ಎಲ್ಲೆಡೆಯ ಅಂಕಿ ಸಿಗುತ್ತದೆ. ಇದು ಭಾರತ ಉಪಖಂಡದ್ದೇ ಮೀನು. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಇದನ್ನು ಮೊದಲು ವಿವರಿಸಿದ್ದು ಗಂಗಾ ಸೀಮೆಯ ಮೀನುಗಳ ಜೊತೆಗೆ. ಎರಡು ಸೆಂಟಿಮೀಟರ್ ಆಸುಪಾಸಿನ, ಒಂದೇ ತಂಡದ, ಒಂದೇ ವಯಸ್ಸಿನ ಮೀನುಗಳನ್ನು ಆರಿಸಿ.

ತಂದ ದಿನವೇ ಪರೀಕ್ಷೆಗೆ ಹಾಕಬೇಡಿ. ಕನಿಷ್ಠ 12 ದಿನ ಪ್ರಯೋಗಾಲಯದಲ್ಲಿ ಇರಲಿ, ಕೊನೆಯ ಏಳು ದಿನ ಪರೀಕ್ಷೆಗೆ ಬಳಸುವ ನೀರಿನಲ್ಲೇ ಇರಲಿ. ಮೊದಲ ಎರಡು ದಿನ ಬಿಟ್ಟು, ಮುಂದಿನ ಏಳು ದಿನದಲ್ಲಿ ಸಾವು ಎಣಿಸಿ. ಶೇ 5ಕ್ಕಿಂತ ಕಡಿಮೆಯಿದ್ದರೆ ತಂಡ ಚೆನ್ನಾಗಿದೆ. 5ರಿಂದ 10ರ ನಡುವೆ ಇದ್ದರೆ ಇನ್ನೊಂದು ವಾರ ಕಾಯಿರಿ. ಹತ್ತು ದಾಟಿದರೆ ಆ ತಂಡವನ್ನೇ ಕೈಬಿಡಿ. ಪರೀಕ್ಷೆಗೆ 24 ಗಂಟೆ ಮುಂಚಿನಿಂದ ಆಹಾರ ನಿಲ್ಲಿಸಬೇಕು, ಪರೀಕ್ಷೆ ಮುಗಿಯುವವರೆಗೂ ಹಾಕಬಾರದು. ಮೇವಿನ ಚೂರು, ಹಿಕ್ಕೆ ಎರಡೂ ತಾಮ್ರವನ್ನು ಹೀರಿಕೊಳ್ಳುತ್ತವೆ, ಜೊತೆಗೆ ಅಮೋನಿಯ ಏರಿಸುತ್ತವೆ.

ಪ್ರಮಾಣ ಕೂಡಿಸುವುದು

ಮೊದಲು ಎರಡು ಮೂರು ಮೀನು ಮಾತ್ರ ಬಳಸಿ, ಹತ್ತು ಹತ್ತು ಪಟ್ಟು ಅಂತರದ ಪ್ರಮಾಣಗಳಲ್ಲಿ ಅಂದಾಜು ಹುಡುಕಿ. ಎಲ್ಲ ಬದುಕುವ ಪ್ರಮಾಣ, ಎಲ್ಲ ಸಾಯುವ ಪ್ರಮಾಣ ಗೊತ್ತಾದರೆ ಅವುಗಳ ನಡುವೆ ಐದು ಮೆಟ್ಟಿಲು ಕಟ್ಟಬಹುದು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಅಂತರ 2.2 ಪಟ್ಟು ಮೀರಬಾರದು. ಎರಡು ಪಟ್ಟಿನ ಲೆಕ್ಕದಲ್ಲಿ, ಲೀಟರಿಗೆ 20, 40, 80, 160, 320 ಮೈಕ್ರೋಗ್ರಾಂ ತಾಮ್ರ ಎಂದುಕೊಳ್ಳೋಣ.

ಮೈಲುತುತ್ತದ ಹರಳಿನ ತೂಕದಲ್ಲಿ ತಾಮ್ರ ಕಾಲು ಪಾಲು ಮಾತ್ರ. ಉಳಿದದ್ದು ಸಲ್ಫೇಟು ಮತ್ತು ನೀರು. 393 ಮಿಲಿಗ್ರಾಂ ಶುದ್ಧ ಹರಳನ್ನು ಒಂದು ಲೀಟರ್ ಬಟ್ಟಿ ನೀರಿನಲ್ಲಿ ಕರಗಿಸಿದರೆ 100 ಮಿಲಿಗ್ರಾಂ ತಾಮ್ರವಿರುವ ಮೂಲ ದ್ರಾವಣ ಸಿದ್ಧ. ಹತ್ತು ಲೀಟರ್ ತೊಟ್ಟಿಗೆ ಅದರಿಂದ 2 ಮಿಲಿಲೀಟರ್ ಹಾಕಿದರೆ 20 ಮೈಕ್ರೋಗ್ರಾಂ ಆಯಿತು. 4, 8, 16, 32 ಮಿಲಿಲೀಟರ್ ಹಾಕುತ್ತಾ ಹೋದರೆ ಉಳಿದ ಮೆಟ್ಟಿಲುಗಳು.

ಆರನೆಯ ತೊಟ್ಟಿಗೆ ಏನನ್ನೂ ಹಾಕಬಾರದು. ಅದೇ ನೀರು, ಅದೇ ತಂಡದ ಮೀನು, ಅದೇ ಬೆಳಕು, ತಾಮ್ರ ಮಾತ್ರ ಇಲ್ಲ. ಇದು ನಿಯಂತ್ರಣ ತೊಟ್ಟಿ. ನೋಡಲು ಏನೂ ನಡೆಯದ ಈ ತೊಟ್ಟಿಯೇ ಇಡೀ ಪರೀಕ್ಷೆಯ ಸಾಕ್ಷಿ. ನಾನು ಕೆಲಸ ಕಲಿಯುತ್ತಿದ್ದಾಗ ಒಮ್ಮೆ ನಿಯಂತ್ರಣ ತೊಟ್ಟಿಯ ಏಳು ಮೀನುಗಳಲ್ಲಿ ಮೂರು ಎರಡನೇ ದಿನವೇ ಸತ್ತವು. ನೀರು ಬರುವ ಸಾಲಿಗೆ ಹಿಂದಿನ ವಾರವಷ್ಟೇ ಹೊಸ ಹಿತ್ತಾಳೆ ನಲ್ಲಿ ಕೂರಿಸಿದ್ದರು. ರಾತ್ರಿಯೆಲ್ಲ ನಲ್ಲಿಯೊಳಗೆ ನಿಂತ ಮೆದು ನೀರು ಅದರಿಂದ ತಾಮ್ರ ಕಿತ್ತುಕೊಂಡು ಬಂದಿತ್ತು. ಎಲ್ಲ ತೊಟ್ಟಿಯನ್ನೂ ಖಾಲಿ ಮಾಡಬೇಕಾಯಿತು. 42 ಮೀನು ವ್ಯರ್ಥವಾಗಿ ಹೋದವು, ಆ ಬೇಸರ ಇಂದಿಗೂ ಹೋಗಿಲ್ಲ. ಹಿತ್ತಾಳೆ, ತಾಮ್ರದ ಯಾವ ಭಾಗವೂ ನೀರಿನ ದಾರಿಯಲ್ಲಿ ಇರಬಾರದು. ಗಾಜಿನ ತೊಟ್ಟಿಗಳನ್ನು ತೆಳು ನೈಟ್ರಿಕ್ ಆಮ್ಲದಲ್ಲಿ ತೊಳೆದು, ಮತ್ತೆ ಮತ್ತೆ ಜಾಲಿಸಿರಬೇಕು. ನಿಯಂತ್ರಣ ತೊಟ್ಟಿಯಲ್ಲಿ ಸಾವು ಶೇ 10 ಮೀರಿದರೆ ಪರೀಕ್ಷೆಯೇ ರದ್ದು ಎಂದು ಮಾರ್ಗಸೂಚಿ ಹೇಳುತ್ತದೆ. ಏಳೇ ಮೀನು ಇದ್ದಲ್ಲಿ ಒಂದಕ್ಕಷ್ಟೇ ರಿಯಾಯಿತಿ.

ಪ್ರತಿ ತೊಟ್ಟಿಗೆ ಕನಿಷ್ಠ ಏಳು ಮೀನು. ಯಾವ ಮೀನು ಯಾವ ತೊಟ್ಟಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಬಲೆಗೆ ಮೊದಲು ಸಿಗುವುದು ನಿಧಾನದ, ಬಲಹೀನ ಮೀನು; ಸಿಕ್ಕ ಸಿಕ್ಕ ಹಾಗೆ ಒಂದೇ ತೊಟ್ಟಿ ತುಂಬಿಸಿದರೆ ಅವೆಲ್ಲ ಅಲ್ಲೇ ಸೇರುತ್ತವೆ.

ನಾಲ್ಕು ದಿನ

ತಾಮ್ರ ಗಾಜಿಗೂ ಮೀನಿನ ಲೋಳೆಗೂ ಅಂಟಿ ನೀರಿನಲ್ಲಿ ಕಡಿಮೆಯಾಗುತ್ತಾ ಹೋಗುವುದರಿಂದ, ಪ್ರತಿ 24 ಗಂಟೆಗೊಮ್ಮೆ ಹೊಸ ದ್ರಾವಣ ಮಾಡಿ ಬದಲಿಸುವುದು ಒಳ್ಳೆಯದು. ಬದಲಿಸುವ ಮುನ್ನ ಮತ್ತು ನಂತರ ನೀರಿನ ಮಾದರಿ ತೆಗೆದು ತಾಮ್ರ ಅಳೆಯಿಸಿ. ನಾವು ಹಾಕಿದ್ದೇವೆಂದುಕೊಂಡ ಪ್ರಮಾಣದ ಶೇ 80ಕ್ಕಿಂತ ಕಡಿಮೆ ಸಿಕ್ಕರೆ ಲೆಕ್ಕಕ್ಕೆ ಅಳೆದ ಪ್ರಮಾಣವನ್ನೇ ಹಿಡಿಯಬೇಕು.

ಮೊದಲ ದಿನ ಕೆಲವೇ ಗಂಟೆಗಳಲ್ಲಿ ಎರಡು ಬಾರಿ ನೋಡಿ, ಆಮೇಲೆ ದಿನಕ್ಕೆ ಎರಡು ಬಾರಿ. ಎಣಿಕೆ 24, 48, 72, 96ನೇ ಗಂಟೆಗೆ. ಕಿವಿರು ಆಡದೆ, ಬಾಲದ ಬುಡ ಮುಟ್ಟಿದರೂ ಅಲುಗದ ಮೀನು ಸತ್ತಿದೆ ಎಂದರ್ಥ, ಕೂಡಲೇ ತೆಗೆದುಬಿಡಿ. ಬರೀ ಸಾವು ಬರೆದರೆ ಸಾಲದು. ಮೇಲ್ಮೈಗೆ ಬಂದು ಬಾಯಿ ಆಡಿಸುವುದು, ಸಮತೋಲ ತಪ್ಪಿ ಪಕ್ಕಕ್ಕೆ ವಾಲುವುದು, ಸುರುಳಿ ಈಜು, ಮೈಬಣ್ಣ ಕಪ್ಪಾಗುವುದು ಎಲ್ಲವನ್ನೂ ಗಂಟೆಯ ಸಮೇತ ಬರೆಯಿರಿ. 2019ರ ಪರಿಷ್ಕರಣೆ ಇದಕ್ಕೆ ವಿಶೇಷ ಒತ್ತು ಕೊಟ್ಟಿದ್ದು ನನಗೆ ತುಂಬಾ ಸರಿ ಅನ್ನಿಸಿದೆ. ಉಳಿಯುವ ಆಸೆಯೇ ಇಲ್ಲದ ಮೀನನ್ನು ನಾಲ್ಕನೇ ದಿನದವರೆಗೂ ಒದ್ದಾಡಲು ಬಿಡದೆ, ನೋವಿಲ್ಲದಂತೆ ಕೊನೆಗೊಳಿಸಿ ಲೆಕ್ಕಕ್ಕೆ ಸೇರಿಸಬೇಕು.

ಲೆಕ್ಕ

ಮೇಲಿನ ಐದು ಪ್ರಮಾಣಗಳಲ್ಲಿ ಕ್ರಮವಾಗಿ 0, 1, 3, 6, 7 ಮೀನು ಸತ್ತವು ಎಂದುಕೊಳ್ಳಿ (ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡ ಸಂಖ್ಯೆಗಳಿವು). 80ರಲ್ಲಿ ಏಳಕ್ಕೆ ಮೂರು, 160ರಲ್ಲಿ ಆರು. ಹಾಗಾದರೆ ಅರ್ಧದ ಗೆರೆ ಇವೆರಡರ ನಡುವೆ ಇದೆ. ಲಾಗ್ ಅಳತೆಯಲ್ಲಿ ಗೆರೆ ಎಳೆದು ನೋಡಿದರೆ ಸುಮಾರು 90 ಬರುತ್ತದೆ. ಎಲ್ಲ ಮೆಟ್ಟಿಲುಗಳ ಮಾಹಿತಿಯನ್ನೂ ಬಳಸುವ ಸ್ಪಿಯರ್‌ಮನ್–ಕಾರ್ಬರ್ ವಿಧಾನದಲ್ಲಿ 84. ಬ್ಲಿಸ್ 1934ರಲ್ಲಿ ಮುಂದಿಟ್ಟ ಪ್ರಾಬಿಟ್ ವಿಧಾನವೂ ಇದೆ. ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಮಾಡಿ, ಅಂಕಿಯ ಎರಡೂ ಕಡೆ ಎಷ್ಟು ಅನಿಶ್ಚಿತತೆ ಇದೆ ಎಂದೂ ಕೊಡುತ್ತದೆ. ಏಳೇಳು ಮೀನಿನಲ್ಲಿ ಆ ಅನಿಶ್ಚಿತತೆ ದೊಡ್ಡದೇ. ಅದನ್ನು ಮುಚ್ಚಿಟ್ಟು 84 ಎಂಬ ಒಂದೇ ಸಂಖ್ಯೆ ಬರೆಯುವುದು ಸರಿಯಲ್ಲ.

84ರಲ್ಲಿ ಅರ್ಧ ಮೀನು ಸಾಯುತ್ತದೆ ಎಂದರೆ 83 ಸುರಕ್ಷಿತ ಎಂದಲ್ಲ. ಮೀನಿಗಿಂತ ಬೇಗ ವಿಷಕ್ಕೆ ಬಲಿಯಾಗುವ, ನೀರುಚಿಗಟ ಎಂಬ ಪುಟ್ಟ ಜೀವಿಗಳೂ ಅದೇ ಹಳ್ಳದಲ್ಲಿವೆ. ಅದಕ್ಕೇ ಅಮೆರಿಕದ ಹಳೆಯ ಗಡಸುತನ ಆಧಾರಿತ ಮಾನದಂಡ, ಗಡಸುತನ 100 (ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಲೀಟರಿಗೆ ಮಿಲಿಗ್ರಾಂ) ಇರುವ ನೀರಿಗೆ ತಾಮ್ರದ ಅಲ್ಪಾವಧಿ ಮಿತಿಯನ್ನು ಲೀಟರಿಗೆ ಸುಮಾರು 13 ಮೈಕ್ರೋಗ್ರಾಂ ಎಂದಿಟ್ಟಿತ್ತು. ಗಡಸುತನ 50ಕ್ಕಿಳಿದರೆ ಮಿತಿಯೂ 7ಕ್ಕಿಳಿಯುತ್ತಿತ್ತು. ಬೋರ್ಡೋ ದ್ರಾವಣದ ಒಂದು ಲೀಟರಿನಲ್ಲಿ ಎರಡೂವರೆ ಗ್ರಾಂ ತಾಮ್ರವಿದೆ. ಅಷ್ಟೂ ಕರಗಿದ ರೂಪದಲ್ಲಿದ್ದರೆ ಅದನ್ನು 13 ಮೈಕ್ರೋಗ್ರಾಂಗೆ ಇಳಿಸಲು ಸುಮಾರು ಎರಡು ಲಕ್ಷ ಲೀಟರ್ ನೀರು ಬೇಕು. ಸುಣ್ಣ ಸರಿಯಾಗಿ ಬಿದ್ದಿದ್ದರೆ ಹೆಚ್ಚಿನ ತಾಮ್ರ ಕರಗದ ರೂಪಕ್ಕೆ ಹೋಗಿರುತ್ತದೆ. ಅಡಿಕೆ ಬೆಳೆಗಾರರು ದ್ರಾವಣಕ್ಕೆ ಕತ್ತಿ ಅದ್ದಿ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುತ್ತಾರಲ್ಲ, ಅವರು ಹುಡುಕುತ್ತಿರುವುದೂ ಬಿಡಿಯಾಗಿ ಉಳಿದ ಈ ತಾಮ್ರವನ್ನೇ.

ಇಷ್ಟೆಲ್ಲ ಮೀನು ಬೇಕೇ ಎಂಬ ಪ್ರಶ್ನೆ ಸಹಜ. ಜೀಬ್ರಾ ಮೀನಿನ ಭ್ರೂಣದ ಮೇಲೆ ಮಾಡುವ ಪರೀಕ್ಷೆಗೆ 2013ರಲ್ಲಿ, ರೇನ್‌ಬೋ ಟ್ರೌಟ್ ಮೀನಿನ ಕಿವಿರಿನ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಮಾಡುವ ಪರೀಕ್ಷೆಗೆ 2021ರಲ್ಲಿ ಒಇಸಿಡಿ ಮಾರ್ಗಸೂಚಿ ಬಂದಿದೆ. ಕೈಗೆಟಕುವುದಾದರೆ ಮೊದಲು ಅವುಗಳನ್ನೇ ಮಾಡಿ.

ಮುಗಿದ ಮೇಲೆ ತೊಟ್ಟಿಯ ನೀರನ್ನು ಚರಂಡಿಗೆ ಚೆಲ್ಲಬೇಡಿ. ಒಂದು ದೊಡ್ಡ ಡ್ರಮ್ಮಿನಲ್ಲಿ ಒಟ್ಟುಮಾಡಿ, ಸುಣ್ಣ ಹಾಕಿ ಪಿಎಚ್ ಅನ್ನು 9ರ ಆಸುಪಾಸಿಗೆ ತಂದು, ಒಂದು ರಾತ್ರಿ ಬಿಡಿ. ತಾಮ್ರ ತಳಕ್ಕಿಳಿಯುತ್ತದೆ. ಮೇಲಿನ ತಿಳಿ ನೀರಿನಲ್ಲಿ ತಾಮ್ರ ಎಷ್ಟು ಉಳಿದಿದೆ ಎಂದು ಅಳೆದು, ಪಿಎಚ್ ಸರಿಪಡಿಸಿದ ಮೇಲೆಯೇ ಹೊರಬಿಡಬೇಕು. ತಳದ ಗಸಿಯನ್ನು ಅಪಾಯಕಾರಿ ತ್ಯಾಜ್ಯದವರಿಗೆ ಕೊಡಿ. ಸತ್ತ ಮೀನುಗಳನ್ನೂ ಹೊರಗೆಸೆಯದೆ, ಹಕ್ಕಿ, ಬೆಕ್ಕಿಗೆ ಸಿಗದಂತೆ ಜೈವಿಕ ತ್ಯಾಜ್ಯದ ಜೊತೆ ಸುಡಲು ಕಳಿಸಿ.