ಹಣತೆ ಬೆಳಗುವ ದೀಪಾವಳಿ ಶುಭಾಶಯ ಪತ್ರ

ಹಾಸನಾಂಬೆಯ ದರ್ಶನಕ್ಕೆ ಬರುವ ನೆಂಟರಿಗೆ ಕೊಡಲು ಹಣತೆ ಬೆಳಗುವ ಶುಭಾಶಯ ಪತ್ರವನ್ನು ಈ ಸಲ ಮಕ್ಕಳಿಂದಲೇ ಮಾಡಿಸಿ. ದಪ್ಪ ಕಾಗದ, ಹಿಂಬದಿಗೆ ಅಂಟು ಇರುವ ತಾಮ್ರದ ಪಟ್ಟಿ, ಕೆಂಪು ಅಥವಾ ಹಳದಿ ಎಲ್‌ಇಡಿ, 3 ವೋಲ್ಟ್‌ನ ಸಿಆರ್ 2032 ಬಟನ್ ಸೆಲ್ ಸಾಕು.

ಎಲ್‌ಇಡಿಯ ಉದ್ದ ಕಾಲು ಸೆಲ್ಲಿನ ಪ್ಲಸ್ ಬದಿಯ ಪಟ್ಟಿಗೆ, ಗಿಡ್ಡ ಕಾಲು ಮೈನಸ್ ಬದಿಯ ಪಟ್ಟಿಗೆ. ತಿರುವು ಬಂದಲ್ಲಿ ಪಟ್ಟಿಯನ್ನು ದಯವಿಟ್ಟು ಕತ್ತರಿಸಬೇಡಿ, ಮಡಚಿ ತಿರುಗಿಸಿ. ಎಷ್ಟೋ ಪಟ್ಟಿಗಳ ಅಂಟಿನ ಮೂಲಕ ವಿದ್ಯುತ್ ಹರಿಯುವುದಿಲ್ಲ. ತುಂಡಿನ ಮೇಲೆ ತುಂಡು ಅಂಟಿಸಿದರೆ ದೀಪ ಕೈಕೊಡುವುದು ಅಲ್ಲಿಯೇ. ಎಲ್‌ಇಡಿಯ ಕಾಲುಗಳನ್ನು ಅಗಲಿಸಿ ಪಟ್ಟಿಯ ಮೇಲೆ ಮಲಗಿಸಿ, ಉಗುರಿನಿಂದ ಚೆನ್ನಾಗಿ ಒತ್ತಿ, ಮೇಲೆ ಸೆಲ್ಲೋಟೇಪ್ ಹಾಕಿ. ಕಾಗದದ ಮೂಲೆ ಮಡಚಿದಾಗ ಪಟ್ಟಿ ಸೆಲ್ಲನ್ನು ಮುಟ್ಟುವಂತಿದ್ದರೆ ಅದೇ ಸ್ವಿಚ್.

ಸೆಲ್ ಮಾತ್ರ ಕಳಚದಂತೆ ಬಿಗಿಯಾಗಿರಲಿ. ಪುಟ್ಟ ಮಕ್ಕಳು ನುಂಗಿದರೆ ಅನ್ನನಾಳ ಸುಡುತ್ತದೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.